ಮೊಮ್ಮಗಳ ಡೇರೆ

ಮಗಳೇ,

ನಾನು ನಿನ್ನ ತಾಯಿ. ಇವತ್ತಿಗೂ ಈ ಮನೆಯಲ್ಲಿ ನನ್ನನ್ನು ಕೇಳದೆ ಒಂದು ಕುರ್ಚಿಯೂ ಕದಲುವುದಿಲ್ಲ. ಕೇಳದೆ ಹೋದವಳು ನೀನೊಬ್ಬಳೇ.

ನಿನ್ನ ಅಣ್ಣನ ಮಗಳು ಗೈಡ್ಸ್ ಶಿಬಿರಕ್ಕೆ ಹೋಗಿದ್ದಾಳೆ. ಆರು ಹುಡುಗಿಯರ ದಳಕ್ಕೆ ಅವಳೇ ನಾಯಕಿಯಂತೆ, ತೀರ್ಮಾನವೆಲ್ಲ ಮಕ್ಕಳದೇ ಅಂತೆ. ಹಾಗಾದರೆ ದೊಡ್ಡವರು ಅಲ್ಲೇನು ಮಾಡುತ್ತಾರೆ? ನನಗೆ ಅನುಮಾನ ಬಂತು. ಅವಳನ್ನು ಕರೆತರಲೆಂದೇ ನಿನ್ನೆ ಯಾರಿಗೂ ಹೇಳದೆ ಹೊರಟೆ.

ಅನುಮಾನ ಸುಳ್ಳಾಗಲಿಲ್ಲ. ಟೀಚರು ಮರದ ಕೆಳಗೆ ಕೂತು ಸೌತೆಕಾಯಿ ತಿನ್ನುತ್ತಿದ್ದಳು. ಎದುರಿಗೇ ಮಕ್ಕಳ ಡೇರೆ ವಾಲುತ್ತಿತ್ತು.

"ಹಗ್ಗ ಸಡಿಲ ಆಗಿದೆ, ಕಾಣ್ತಿಲ್ವೇನಮ್ಮಾ?"

"ಕಾಣ್ತಿದೆ ಅಮ್ಮ. ಬಂದು ಕೇಳಿದ್ರೆ ಹೇಳ್ತೀನಿ."

"ಕೇಳದಿದ್ರೆ?"

"ಬೀಳುತ್ತೆ. ಬರೀ ಬಟ್ಟೆ, ಪೆಟ್ಟಾಗಲ್ಲ."

ಬಿದ್ದೇಬಿಟ್ಟಿತು. ನಾನು ಧಡಕ್ಕನೆ ಮುಂದೆ ನುಗ್ಗಿದರೆ ಟೀಚರು ಕೈ ಹಿಡಿದು ಪಕ್ಕದಲ್ಲಿ ಕೂರಿಸಿದಳು. ನನ್ನನ್ನು!

ಮೊಮ್ಮಗಳು ಬಟ್ಟೆಯೊಳಗಿಂದ ನಗುತ್ತಾ ತಲೆ ಹೊರಹಾಕಿ, ಎಲ್ಲರಿಗಿಂತ ಚಿಕ್ಕವಳನ್ನು ಕೇಳಿದಳು: "ನೀನು ಹೇಳೇ, ಎಲ್ಲಿ ತಪ್ಪಿದ್ವಿ?" ಆಮೇಲೆ ಟೀಚರ ಬಳಿ ಓಡಿಬಂದು ಗಂಟು ಹಾಕುವುದನ್ನು ಕೇಳಿ ಕಲಿತಳು. ನನ್ನನ್ನು ಕಂಡು, "ಅಜ್ಜೀ, ಆಮೇಲೆ ಮಾತಾಡೋಣ, ಈಗ ಕೆಲಸ ಇದೆ" ಎಂದಳು. ಥೇಟ್ ನಿನ್ನ ದನಿ.

ನೀನು ಏನಾದರೂ ಕೇಳುವ ಮೊದಲೇ ನಾನು ಉತ್ತರ ಹೇಳಿ ಮುಗಿಸಿರುತ್ತಿದ್ದೆ.

ಆ ಟೀಚರ ಮೇಲೆ ನನಗೆ ಈಗಲೂ ಪೂರ್ತಿ ನಂಬಿಕೆಯಿಲ್ಲ. ಆದರೂ ಹುಡುಗಿಯನ್ನು ಅಲ್ಲೇ ಬಿಟ್ಟೆ. ವಾಪಸ್ ಬಸ್ಸಿನಲ್ಲಿ ಅವಳಿಗೆಂದು ಮೊದಲೇ ಟಿಕೆಟ್ ತೆಗೆಸಿದ್ದ ಸೀಟಿನ ಮೇಲೆ ನನ್ನ ಚೀಲವನ್ನು ಕೂರಿಸಿಕೊಂಡು ಒಬ್ಬಳೇ ಮನೆಗೆ ಬಂದೆ.