ಹಬ್ಬಕ್ಕೆ ಬಣ್ಣ ಬಳಿದ ಟಿಪ್ಪರ್

ಹಲಸಿನಮರದಪಾಳ್ಯ, ಮಾಗಡಿ ತಾಲ್ಲೂಕು
1-10-2025, ಆಯುಧಪೂಜೆ

ಪ್ರೀತಿಯ ತಂಗಿ ಶ್ವೇತಾ,

ಈಗ ಸಂಜೆ ಆರು ಗಂಟೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿದೆ, ಮಧ್ಯಾಹ್ನ ಪೊಲೀಸ್ ಹೊರಠಾಣೆಗೆ ಹೋಗಿಬಂದೆ. ಇವತ್ತಿನ ದಿನ ಅಷ್ಟೆ. ನಿನ್ನ ಕಾಲಿನ ಊತ ಇಳಿಯಿತೇ? ಏಳನೇ ತಿಂಗಳು, ಹೆಚ್ಚು ಹೊತ್ತು ನಿಲ್ಲಬೇಡವೆಂದು ಅಮ್ಮ ಹೇಳಿದಳು. ಅವಳು ಹುಷಾರಾಗಿದ್ದಾಳೆ. ಅಪ್ಪನ ಕೈಗಷ್ಟೇ ಒಗ್ಗಿದ್ದ ಹಸು ಈಗ ಅವಳನ್ನೂ ಒದೆಯುತ್ತದೆ. ‘ಅದ್ಕೂ ಸಿಟ್ಟು ಕಣ್ಲಾ’ ಅಂದು ಕಣ್ಣೊರೆಸಿಕೊಳ್ಳುತ್ತಾಳೆ.

ಠಾಣೆಗಳನ್ನು ಮರುವಿಂಗಡಣೆ ಮಾಡಿ ನಮ್ಮೂರಿಗೇ ಹೊರಠಾಣೆ ಕೊಟ್ಟಾಗ ಅಪ್ಪ ಎಷ್ಟು ಹಿಗ್ಗಿದ್ದರು, ನೆನಪಿದೆಯಾ? ‘ಇನ್ಮೇಲೆ ಮಾಗಡಿಗೆ ಅಲ್ಯೋದು ತಪ್ತು’ ಅಂದಿದ್ದರು. ಬಂದದ್ದು ಒಂದು ಬೋರ್ಡು, ಕಾನ್‌ಸ್ಟೇಬಲ್ ಸಿದ್ಧಾರ್ಥ ಒಬ್ಬ. ಜೀಪಿಲ್ಲ, ಕಟ್ಟಡವಿಲ್ಲ. ಜಲ್ಲಿ ಸಾಗಿಸುವ ಅನಂತರಾಜು ತನ್ನ ಶೆಡ್ಡಿನ ಮುಂದಿನ ಎರಡು ಕೋಣೆ ಬಿಟ್ಟುಕೊಟ್ಟ. ಊರೆಲ್ಲ ಅವನನ್ನು ಹೊಗಳಿತು, ನಾನೂ ಹೊಗಳಿದೆ. ಈಗ ಅಪ್ಪನ ಸೈಕಲ್ಲಿಗೆ ಗುದ್ದಿ ಜೀವ ತೆಗೆದದ್ದು ಅವನ ಟಿಪ್ಪರೇ ಎಂಬ ಅನುಮಾನದ ಮೇಲೆ ಅದನ್ನು ಜಪ್ತಿ ಮಾಡಿದರು. ಮಾಡಿ ನಿಲ್ಲಿಸಿದ್ದೆಲ್ಲಿ? ಠಾಣೆಯ ಅಂಗಳದಲ್ಲಿ. ಅಂದರೆ ಅನಂತರಾಜುವಿನ ಅಂಗಳದಲ್ಲೇ. ಅದರ ಬಂಪರು ತಗ್ಗಾಗಿ, ಸೈಕಲ್ಲಿನ ನೀಲಿ ಬಣ್ಣ ಅದಕ್ಕೆ ಹತ್ತಿದ್ದನ್ನು ನಾವಿಬ್ಬರೂ ಕಣ್ಣಾರೆ ನೋಡಿದ್ದೆವು. ಪರೀಕ್ಷೆ ಮಾಡುವವರು ಬೆಂಗಳೂರಿನಿಂದ ಹಬ್ಬ ಕಳೆದ ಮೇಲೆ ಬರುತ್ತಾರೆಂದು ಸಿದ್ಧಾರ್ಥ ಹೇಳುತ್ತಲೇ ಇದ್ದ.

ಅಪ್ಪ ತೀರಿಕೊಂಡ ವರ್ಷ ಇದು, ನಮಗೆ ಹಬ್ಬವಿಲ್ಲ. ಮಧ್ಯಾಹ್ನ ಹೋದಾಗ ಠಾಣೆಯ ಅಂಗಳದ ತುಂಬ ಬೂದುಗುಂಬಳದ ಚೂರು, ಕುಂಕುಮ, ಚೆಂಡುಹೂವು ಬಿದ್ದಿತ್ತು. ಅನಂತರಾಜುವಿನ ಎಲ್ಲ ಗಾಡಿಗಳ ಜೊತೆ ಆ ಟಿಪ್ಪರನ್ನೂ ತೊಳೆದು ಹಾರ ಹಾಕಿದ್ದರು. ಬಂಪರಿಗೆ ಹೊಸ ಹಳದಿ ಬಣ್ಣ ಬಳಿದಿದ್ದರು. ಮುಟ್ಟಿದೆ, ಬೆರಳಿಗೆ ಅಂಟಿತು. ತಗ್ಗೂ ಇಲ್ಲ, ನೀಲಿಯೂ ಇಲ್ಲ. ಸಿದ್ಧಾರ್ಥನನ್ನು ಕರೆದು ಬೆರಳು ತೋರಿಸಿದೆ. ‘ವರ್ಸಕ್ಕೊಂದಿನ ಪುಟ್ಟಸ್ವಾಮಣ್ಣ, ಅದೊಂದನ್ನೇ ಬುಟ್ರೆ ಅಪಶಕುನ ಅಂತ ಹುಡುಗ್ರು ಬಳುದ್ಬುಟ್ಟವ್ರೆ. ಪೂಜೆ ದಿನ ಬೇಡ ಅನ್ನಕಾಯ್ತದಾ?’ ಅಂದ ಸಿದ್ಧಾರ್ಥ. ನಮ್ಮ ಕಡೆ ಯಾರಿಗಾದರೂ ಹಾಗೆ ಅನಿಸಬಹುದು, ಅದನ್ನೇ ನಂಬೋಣವೆಂದುಕೊಂಡೆ. ಆದರೆ ಹಳೇ ಟ್ರ್ಯಾಕ್ಟರುಗಳಿಗೆ ಬರೀ ಕುಂಕುಮ ಇಟ್ಟಿದ್ದರು, ಬಣ್ಣ ಬಳಿದದ್ದು ಅದೊಂದಕ್ಕೇ. ಅನಂತರಾಜು ಒಳಗಿಂದ ಬಂದು, ‘ಬಾ ಮಾರಾಯಾ, ಒಸಿ ಪುರಿ ಕಡ್ಲೆ ತಕಾ’ ಎಂದು ನನ್ನ ಕೈಗೆ ಸುರಿದ. ತಿನ್ನದೆ ಹಿಡಿದುಕೊಂಡು ಬಂದು ಹಸುವಿಗೆ ಹಾಕಿದೆ.

ಭಾವ ಯೋಗಾನಂದರಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತುಹೊತ್ತಿಗೆ ಊಟ ಮಾಡು, ಅಪ್ಪನನ್ನು ನೆನೆದು ಅಳುತ್ತ ಕೂರಬೇಡ. ತಾಯಿ ಮಗು ಇಬ್ಬರೂ ಚೆನ್ನಾಗಿರಿ.

ನಿನ್ನ ಅಣ್ಣ,
ಪುಟ್ಟಸ್ವಾಮಿ

ಮರೆತಿದ್ದೆ: ಅಪ್ಪನ ಮಣ್ಣಾದ ಮಾರನೇ ದಿನ ನೀನು ನಿನ್ನ ಮೊಬೈಲಿನಲ್ಲಿ ಆ ಬಂಪರಿನ ಫೋಟೋ ತೆಗೆದೆಯಲ್ಲ, ಬಸುರಿ ಇಂಥದ್ದೆಲ್ಲ ನೋಡಬಾರದೆಂದು ಅಮ್ಮ ಬೈದಳಲ್ಲ, ಅದು ಇದೆ ತಾನೇ? ಹೊರಡುವಾಗ ಸಿದ್ಧಾರ್ಥ ಬಾಗಿಲತನಕ ಬಂದು, ‘ನಿಮ್ ತಂಗಿ ಒಂದು ಫೋಟೋ ಹೊಡ್ದಿದ್ರಂತೆ, ನಂಗೆ ಕಳ್ಸಿ ಆಮ್ಯಾಕೆ ಡಿಲೀಟ್ ಮಾಡ್ಬುಡಕ್ಕೆ ಹೇಳಿ’ ಅಂದ. ಅವನಿಗೆ ಯಾರು ಹೇಳಿದರೋ ಗೊತ್ತಿಲ್ಲ. ಅದಕ್ಕೇ ಫೋನ್ ಮಾಡದೆ ಇದನ್ನು ಪಕ್ಕದ ಮನೆ ಸರಸಮ್ಮನ ಕೈಲಿ ಕಳಿಸುತ್ತಿದ್ದೇನೆ. ಯಾರಿಗೂ ಕಳಿಸಬೇಡ, ಅಳಿಸಬೇಡ. ಶುಕ್ರವಾರ ಭಾವನ ಕೈಲಿ ಮೊಬೈಲು ಕೊಟ್ಟು ರಾಮನಗರಕ್ಕೆ ಕಳಿಸು. ಜಿಲ್ಲೆಯ ದೊಡ್ಡ ಪೊಲೀಸ್ ಸಾಹೇಬರ ಕಚೇರಿ ಮುಂದೆ ಕಾಯುತ್ತಿರುತ್ತೇನೆ. ನಾಳೆ ಕಚೇರಿಗೆ ರಜೆ.