ನಮ್ಮ ತಳಘರಕ್ಕೆ ಬರುವ ನೀರು ಯಾರದು?

ಪಟ್ಟಣದ ಗಟಾರಗಳ ಹೊಣೆ ಹೊತ್ತ ಮಾನ್ಯರೇ,

ನಮ್ಮ ಮನೆಯ ನೆಲಮಾಳಿಗೆಯನ್ನು, ಅಂದರೆ ನಾವು ತಳಘರ ಎನ್ನುವುದನ್ನು, ಹದಿನೈದು ದಿನಗಳೊಳಗೆ ಮಣ್ಣು ತುಂಬಿ ಮುಚ್ಚಬೇಕೆಂಬ ತಮ್ಮ ನೋಟಿಸು ತಲುಪಿತು. ಅಲ್ಲಿ ನೀರು ನಿಂತು ಸೊಳ್ಳೆ ಹುಟ್ಟುತ್ತವಂತೆ. ನಿಜ. ಆದರೆ ಆ ನೀರನ್ನು ಅಲ್ಲಿಗೆ ಕಳಿಸಿದವರು ಯಾರು?

ನಿಪ್ಪಾಣಿ-ಚಿಕ್ಕೋಡಿ ದಾರಿಯ ಈ ಊರಿನಲ್ಲಿ ನಾವು ಚರ್ಮದ ಚಪ್ಪಲಿ ಮಾಡುವವರು. ಬೇಸಿಗೆಯಲ್ಲಿ ಚರ್ಮ ಬಿರುಸಾಗದಿರಲೆಂದು ನನ್ನ ಪತಿ ವಿಶ್ವಾಸ ಅವರ ಅಜ್ಜ ಈ ತಳಘರ ಕಟ್ಟಿಸಿದ್ದರು. ಅತ್ತೆ ಸುಂದರಾ ನಲವತ್ತು ವರ್ಷ ಅಲ್ಲಿಯೇ ಕುಳಿತು ಚಪ್ಪಲಿಯ ಪಟ್ಟಿಗೆ ಚರ್ಮದ ಜಡೆ ಹೆಣೆದಿದ್ದಾರೆ. ಎಂಥ ಮಳೆಗಾಲದಲ್ಲೂ ಗೋಡೆ ತಣ್ಣಗಿತ್ತೇ ಹೊರತು ತೊಯ್ದಿರಲಿಲ್ಲ. ಮೂರು ವರ್ಷಗಳ ಹಿಂದೆ ತಾವು ನಮ್ಮ ಓಣಿಯ ರಸ್ತೆ ಎತ್ತರಿಸಿ ಹೊಸ ಗಟಾರ ಕಟ್ಟಿಸಿದಿರಿ. ಆ ಜೂನ್‌ನಿಂದಲೇ ಗೋಡೆ ಒಸರತೊಡಗಿತು, ಹೆಣೆದಿಟ್ಟ ಜಡೆಗಳಿಗೆ ಬೂಷ್ಟು ಹಿಡಿಯಿತು. ಪ್ಲಾಸ್ಟರ್ ಸರಿಯಿಲ್ಲವೆಂದು ನಾನು ಪತಿಯೊಂದಿಗೆ ಜಗಳವಾಡಿದೆ. ಎರಡು ಸಲ ಹೊಸದು ಮಾಡಿಸಿದೆವು. ಎರಡು ಸಲವೂ ಉದುರಿತು.

ಅರ್ಜಿ ಕೊಟ್ಟಾಗ ತಮ್ಮ ಇಂಜಿನಿಯರ್ ಸಾಹೇಬರು ಬಂದರು. ಮೆಟ್ಟಿಲು ಇಳಿಯಲಿಲ್ಲ. ಮೇಲಿನಿಂದಲೇ ಮೊಬೈಲ್ ಬೆಳಕು ಬಿಟ್ಟು, "ಇದ ನೆಲದಾಗಿನ ನೀರ್ರಿ ಅಕ್ಕಾರ. ಮಳಿಗಾಲ ಐತಿ, ನಾವೇನ್ ಮಾಡೂನು?" ಎಂದು ಹೊರಟುಹೋದರು.

ನಮ್ಮ ಪ್ಲಾಸ್ಟರ್ ಮಾಡಿದ ಗೌಂಡಿ ಮುರಗೆಪ್ಪ ಮಾತ್ರ ಕೆಳಗಿಳಿದು ಗೋಡೆ ತಟ್ಟಿ ನೋಡಿದ. "ತಂಗಿ, ಗಟಾರಕ್ಕ ಇಳಿಜಾರನ ಇಲ್ಲ. ನೀರ ಮುಂದಕ ಹೋಗೂದಿಲ್ಲ, ಅಲ್ಲೇ ನಿಂದರತೈತಿ. ತಳಕ್ಕ ಬಿರಕ ಬಿಟ್ಟೈತಿ. ಇಲ್ಲಿ ಕರಿ ಎರಿ ಮಣ್ಣ ಆ ನೀರ ಕುಡದ ನಿಮ್ಮ ಗ್ವಾಡಿಗಿ ದಬ್ಬತೈತಿ" ಎಂದ.

ಗೌಂಡಿಯ ಮಾತು ತಮ್ಮ ಕಚೇರಿಯಲ್ಲಿ ನಡೆಯುತ್ತದೆಯೇ? ಸಾಕ್ಷಿ ಬೇಕಲ್ಲ! ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ, ಚರ್ಮಕ್ಕೆ ಹಚ್ಚುವ ಕೆಂಪು ಬಣ್ಣವನ್ನು ಮನೆಯ ಮುಂದಿನ ಗಟಾರದಲ್ಲಿ ಕಲಸಿದೆ. ಮರುದಿನ ಮಧ್ಯಾಹ್ನ ತಳಘರದ ಗೋಡೆಯ ಮೇಲೆ ಕೆಂಪು ನೀರು ಇಳಿಯುತ್ತಿತ್ತು. ಗೆದ್ದೆನೆಂದು ಖುಷಿಯಾಯಿತು. ಮೂರು ವರ್ಷ ಊರಿನ ಕೊಳಚೆಯಲ್ಲಿ ಕಾಲಿಟ್ಟು ಕುಳಿತಿದ್ದೆವೆಂದು ತಿಳಿದು, ಮೇಲೆ ಬಂದು ಎರಡು ಸಲ ಸೋಪು ಹಚ್ಚಿ ಕಾಲು ತೊಳೆದೆ.

ಸಾಹೇಬರನ್ನು ಮತ್ತೆ ಕರೆತಂದೆ. ಈ ಸಲ ಬೂಟು ಕೈಯಲ್ಲಿ ಹಿಡಿದು ಇಳಿದರು. ಅತ್ತೆ ಕೇಳಿದರು: "ಸಾಹೇಬ್ರ, ನೆಲದಾಗಿನ ನೀರ ಯಾವಾಗಿಂದ ಕೆಂಪ ಬರಾಕತ್ತೈತ್ರಿ?"

ಅವರು ಬೆರಳಿಗೆ ಹತ್ತಿದ ಕೆಂಪನ್ನು ಕರವಸ್ತ್ರಕ್ಕೆ ಒರೆಸಿಕೊಂಡು, "ವರದಿ ಬರೀತೀನ್ರಿ" ಎಂದರು.

ಬರೆದರು. ಅದರ ಫಲವೇ ಈ ನೋಟಿಸು. ಜೊತೆಗೆ ಇನ್ನೊಂದೂ ಬಂದಿದೆ, ಸಾರ್ವಜನಿಕ ಗಟಾರದಲ್ಲಿ ಬಣ್ಣ ಬೆರೆಸಿದ್ದಕ್ಕೆ. ಬಿರುಕಿನ ಬಗ್ಗೆ ಎರಡರಲ್ಲೂ ಒಂದಕ್ಷರವಿಲ್ಲ. ತಮ್ಮ ಕಾರ್ಯತತ್ಪರತೆಗೆ ಶರಣು.

ತಳಘರ ಮುಚ್ಚಿದೆವು ಎನ್ನೋಣ. ನೀರು ತಮ್ಮ ಆದೇಶ ಓದಿ ಹಿಂದಿರುಗುತ್ತದೆಯೇ? ತುಂಬಿದ ಮಣ್ಣನ್ನೇ ನೆನೆಸಿ ಅಡಿಪಾಯಕ್ಕೆ ಏರುತ್ತದೆ, ನಾಳೆ ಪಕ್ಕದ ಮನೆಗೂ ಹೋಗುತ್ತದೆ. ಅತ್ತೆ ಈಗ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಹೆಣೆಯುತ್ತಾರೆ. ನಿನ್ನೆ ಹೆಣೆದದ್ದನ್ನು ಎರಡು ಸಲ ಬಿಚ್ಚಿ, "ಇಲ್ಲಿ ಕೈ ಕೂಡವಲ್ದ ನೀಲಮಾ" ಎಂದರು. ಈ ನಷ್ಟವನ್ನು ಯಾವ ನಮೂನೆಯಲ್ಲಿ ತುಂಬಿ ಸಲ್ಲಿಸಲಿ?

ನಾನು ಕೇಳುವುದು ಇಷ್ಟೇ. ಗಟಾರ ಅಗೆಸಿ, ಊರ ಹೊರಗಿನ ಹಳ್ಳದವರೆಗೆ ನೀರು ಹರಿಯುವಂತೆ ಇಳಿಜಾರು ಕೊಟ್ಟು ಮತ್ತೆ ಕಟ್ಟಿಸಿ. ಅಲ್ಲಿಯವರೆಗೆ ಈ ಮನೆಯೊಳಗೆ ಒಂದು ಬುಟ್ಟಿ ಮಣ್ಣೂ ಬರುವುದಿಲ್ಲ. ಹದಿನಾರನೆಯ ದಿನ ತಾವು ಜನ ಕಳಿಸಿದರೆ, ನಾವು ಮೂವರೂ ಕೆಳಗೇ ಕುಳಿತು ಕೆಲಸ ಮಾಡುತ್ತಿರುತ್ತೇವೆ.

ಇಂತಿ,
ಈ ಪತ್ರಕ್ಕೂ ಒಂದು ನೋಟಿಸು ಬಂದೀತೆಂದು ಕಾಯುತ್ತಿರುವ
ನೀಲಮ