ಹಿತ್ತಾಳೆಯ ಪಾತ್ರೆ

ಕಣವಿಹಾಳ
ಫೆಬ್ರವರಿ 30, 2191

ಲುದ್ಯ ಅಜ್ಜಿಯವರಿಗೆ, ನಿಮ್ಮ ಆರನೆಯ ತಲೆಮಾರಿನ ನವೊಮಿಯ ವಂದನೆಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ, ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಈ ಪತ್ರ ತಲುಪುವ 2030ರಲ್ಲಿ ನೀವಿನ್ನೂ ಮೂವತ್ತೆರಡು ವಯಸ್ಸಿನ ಶಿಕ್ಷಕಿ. ಅಜ್ಜಿ ಎಂದದ್ದಕ್ಕೂ, ನಡುವೆ ನಿಮಗೆ ತಿಳಿಯದ ಮಾತು ನುಸುಳಿದರೆ ಅದಕ್ಕೂ ಕ್ಷಮೆ ಇರಲಿ.

ನೀವು ಹೋಗುವ ಚರ್ಚಿನ ಸಭೆಗೇ ನಾನೀಗ ಪಾಲಕಿ. ಇಲ್ಲಿ ನೆರಳುವಾರ ನಡೆದಿದೆ, ಅಂದರೆ ಹಗಲಲ್ಲಿ ಯಾರೂ ಬಿಸಿಲಿಗೆ ಬರಬಾರದೆಂದು ಸರಕಾರ ಸಾರುವ ಕಾಲ; ಬೆಳಗಿನ ಆರಕ್ಕೇ ಆರಾಧನೆ ಮುಗಿಸುತ್ತೇವೆ. ದ್ರಾಕ್ಷಿ ನಮ್ಮ ಸೀಮೆಯಲ್ಲಿ ಬೆಳೆಯುವುದು ನಿಂತುಹೋಗಿ ಪವಿತ್ರ ಭೋಜನಕ್ಕೆ ದ್ರಾಕ್ಷಾರಸದ ಬದಲು ನೇರಳೆ ರಸ ಬಂದಿದೆ. ಬದಲಾಗದೆ ಉಳಿದದ್ದು ಅದನ್ನು ಕುಡಿಯುವ ಆ ಎರಡು ಪಾತ್ರೆಗಳು. ಬಲಗಡೆ ಬೆಳ್ಳಿಯದು, ಎಡಗಡೆ ಹಿತ್ತಾಳೆಯದು. ಯಾವ ಮನೆತನ ಯಾವ ಸಾಲಿಗೆ ಎಂಬುದು ಹುಟ್ಟಿನಿಂದಲೇ ಗೊತ್ತು. ಬೆಳ್ಳಿ ನಂಬಿಕೆಯ ಗುರುತು, ಹಿತ್ತಾಳೆ ತಾಳ್ಮೆಯ ಗುರುತು ಎಂದು ಸಭೆಯ ಶತಮಾನೋತ್ಸವದ ಪುಸ್ತಕದಲ್ಲಿದೆ. ಅದು ನೀವು ಬರೆದದ್ದು. ನಿಮ್ಮ ಲೆಕ್ಕದಲ್ಲಿ, ಇನ್ನು ಬರೆಯಲಿರುವುದು. ಇಪ್ಪತ್ತಾರು ವರ್ಷ ಅದನ್ನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದೆ. ನಮ್ಮದು ಬೆಳ್ಳಿಯ ಸಾಲು. ಏಕೆಂದು ಒಮ್ಮೆಯೂ ಕೇಳಲಿಲ್ಲ.

ಕಳೆದ ತಿಂಗಳು ಸಭೆಯ ಹಳೆಯ ನಡಾವಳಿ ಪುಸ್ತಕಕ್ಕೆ ಹಾಳೆಗಣ್ಣು ಹಿಡಿದೆ. ಅಂಟಿಕೊಂಡ ಪುಟಗಳನ್ನು ಬಿಡಿಸದೆಯೇ ಓದುವ ಸಾಧನ ಅದು. ನಡುವಿನ ಎರಡು ಪುಟ ತೇವಕ್ಕೆ ಅಂಟಿವೆ ಎಂದುಕೊಂಡಿದ್ದೆ. ಒಳಗೆ ಮೊದಲ ಹಿರಿಯರ ಠರಾವು ಇತ್ತು. ಮೇಲುಜಾತಿಯಿಂದ ಬಂದ ವಿಶ್ವಾಸಿಗಳು ಕೇರಿಯವರ ತುಟಿ ತಾಗಿದ ಪಾತ್ರೆಯಿಂದ ಕುಡಿಯಲು ಒಪ್ಪದ ಕಾರಣ, ಕೇರಿಯವರಿಗೆ ಬೇರೆ ಹಿತ್ತಾಳೆಯ ಪಾತ್ರೆ ಇಡತಕ್ಕದ್ದು. ಅದರ ಕೆಳಗೆ ಪೆನ್ಸಿಲಿನಲ್ಲಿ ನಿಮ್ಮ ದುಂಡು ಅಕ್ಷರ: ಮಕ್ಕಳ ಕಣ್ಣಿಗೆ ಬೀಳಬಾರದು, ಅಂಟಿಸಿದ್ದೇನೆ, ಲುದ್ಯ.

ಆ ಪುಟವನ್ನು ಮತ್ತೊಮ್ಮೆ ಓದಿದೆ. ಕರ್ತನ ಮೇಜಿನ ಮೇಲೆಯೇ ಈ ಭೇದ ಕೂತಿತ್ತು, ಪ್ರತಿ ಶನಿವಾರ ನಾನೇ ಆ ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದೆ.

ಕೆದಕಬೇಡ, ಸಭೆ ಒಡೆಯುತ್ತದೆ ಎಂದು ಈಗಿನ ಹಿರಿಯರು ಗದರಿದರು. ಎರಡು ಭಾನುವಾರ ಹೆದರಿ ಸುಮ್ಮನಿದ್ದೆ, ಅದಕ್ಕೆ ನಾಚಿಕೆಯಿದೆ. ಹೋದ ಭಾನುವಾರ ಗಟ್ಟಿಯಾಗಿ ಓದಿಬಿಟ್ಟೆ, ಕೆಳಗೆ ನೀವು ಬರೆದದ್ದನ್ನೂ ಬಿಡಲಿಲ್ಲ. ಬೆಳ್ಳಿಯ ಸಾಲಿನ ಕೆಲವರು ಎದ್ದು ಹೊರಟೇ ಹೋದರು. ಹಿತ್ತಾಳೆಯ ಸಾಲಿನಲ್ಲಿ ಒಬ್ಬರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ತೊಂಬತ್ತು ವರ್ಷದ ಸಮಾಧಾನಪ್ಪನವರು ಕೋಲೂರಿ ಎದ್ದು ನಿಂತರು.

“ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತೈತವ್ವ. ನೀವು ಯಾವಾಗ ಹೇಳ್ತೀರಿ ಅಂತ ಕಾಯಾಕತ್ತಿದ್ವಿ.”

ಆ ಠರಾವಾಗಿ ಇನ್ನೂರ ಅರವತ್ತು ವರ್ಷ, ಅಜ್ಜಿ. ನಮ್ಮ ಪಕ್ಕದಲ್ಲೇ ಕೂತು, ಅದೇ ಕೀರ್ತನೆ ಹಾಡುತ್ತ ಕಾದಿದ್ದರು. ಠರಾವಿಗಿಂತ ಆ ಮಾತಿಗೆ ನಾನು ಹೆಚ್ಚು ತತ್ತರಿಸಿದೆ.

ಈಗ ನಿಮ್ಮ ಮುಂದೆ ಆ ಪುಟ ತೆರೆದಿದೆ, ಪಕ್ಕದಲ್ಲಿ ಗೋಂದಿನ ಬಾಟಲಿಯಿದೆ. ನೀವು ಕೆಟ್ಟವರಲ್ಲ, ಹೆದರಿದ್ದೀರಿ. ಬಾಟಲಿಯ ಮುಚ್ಚಳ ಹಾಕಿಬಿಡಿ. ಬರುವ ಭಾನುವಾರ ಆ ಪುಟ ಓದಿ. ಎಡಗಡೆಯ ಬೆಂಚಿನಲ್ಲಿ ಸಮಾಧಾನಪ್ಪನವರ ಅಜ್ಜನ ಅಜ್ಜ ಕೂತಿರುತ್ತಾರೆ. ಓದಿಯಾದ ಮೇಲೆ ಅವರ ಹಿಂದೆ ಸಾಲಿನಲ್ಲಿ ನಿಂತು, ಅವರು ಕುಡಿದ ಪಾತ್ರೆಯಿಂದಲೇ ಕುಡಿಯಿರಿ.

ನಾನು ಹೋದ ಭಾನುವಾರ ಹಿತ್ತಾಳೆಯದರಿಂದ ಕುಡಿದೆ. ಅದರಲ್ಲೂ ಅದೇ ನೇರಳೆ ರಸ.

ನವೊಮಿ